ಹಂಚಿನ ಮೇಲಿನ ಇಸವಿ ಹಡಗಿನ ಇಸವಿಯಲ್ಲ

ಧಾರವಾಡದಲ್ಲಿ ಹಳೆಯ ಮನೆ ಕೆಡವಿದ ಕಡೆ ಮಂಗಳೂರು ಹಂಚಿನ ರಾಶಿ ಬಿದ್ದಿರುತ್ತದೆ. ಮಗುಚಿ ನೋಡಿದರೆ ಕೆಲವದರ ಮೇಲೆ ‘ಬಾಸೆಲ್ ಮಿಷನ್ ಟೈಲ್ ವರ್ಕ್ಸ್ 1865’ ಅಂತ ಒತ್ತಿರುತ್ತದೆ. ಸಮುದ್ರ ಘಟ್ಟದಾಚೆ ಇದ್ದರೂ, ಮುಳುಗಿದ ಹಡಗಿನ ಗುರುತು ಹಚ್ಚುವ ಕೆಲಸ ಕಲಿಯುವವರ ಕೈಗೆ ನಾವು ಮೊದಲು ಕೊಡುವುದು ಈ ಹಂಚನ್ನೇ.

ಗೋವಾದ ಸೇಂಟ್ ಜಾರ್ಜ್ ರೀಫ್ ಎಂಬ ಕಡಲ ಬಂಡೆಸಾಲಿನಲ್ಲಿ, ಮುಳುಗಿದ ಹಡಗಿನ ಅವಶೇಷದಲ್ಲಿ ರಾಷ್ಟ್ರೀಯ ಸಾಗರ ವಿಜ್ಞಾನ ಸಂಸ್ಥೆಯವರಿಗೆ ಸಿಕ್ಕಿದ್ದೂ ಇದೇ ಮುದ್ರೆಯ ಹಂಚು. ‘ಹಾಗಾದರೆ 1865ರ ಹಡಗು’ ಅಂದುಬಿಡುತ್ತಾರೆ. ಅಲ್ಲ. ಅದು ಕಾರ್ಖಾನೆ ಶುರುವಾದ ವರ್ಷ. ಹಡಗು ಅದಕ್ಕಿಂತ ಮುಂಚೆ ಮುಳುಗಿಲ್ಲ ಎಂಬಷ್ಟೇ ಅದರ ಸಾಕ್ಷಿ. ಮೇಲಾಗಿ ಹಂಚು ಸರಕು. ಸರಕಿನ ಊರು ಹಡಗಿನ ಊರಾಗಬೇಕಿಲ್ಲ. ಒಂದೇ ಬಂಡೆಸಾಲಿಗೆ ಬೇರೆ ಬೇರೆ ಕಾಲದ ಹಡಗುಗಳೂ ಬಡಿದಿರಬಹುದು. ಅದಕ್ಕೇ ವಸ್ತು ಎತ್ತುವ ಮೊದಲೇ ಅದರ ಜಾಗ ನಕ್ಷೆಗೆ ಏರಬೇಕು. ಎತ್ತಿದ ಮೇಲೆ ಜಾಗ ನೆನಪಿನಿಂದ ಬರೆದರೆ ಆ ಸಾಕ್ಷಿ ಹೋಯಿತು.

ಗಂಟೆ ಸಿಕ್ಕರೆ ಎಲ್ಲರಿಗೂ ಹಬ್ಬ. ಕಡಲ್ಗಳ್ಳರ ‘ವೈಡಾ’ ಹಡಗಿನ ಗಂಟೆ 1985ರಲ್ಲಿ ಹೆಸರಿನ ಸಮೇತ ಸಿಕ್ಕಿತು, ಅಂಥದ್ದು ಅಪರೂಪ. 1996ರಲ್ಲಿ ಅಮೆರಿಕದ ನಾರ್ತ್ ಕೆರೊಲಿನಾದಲ್ಲಿ ಸಿಕ್ಕ ಹಡಗಿನ ಗಂಟೆಯ ಮೇಲೆ 1705 ಎಂದಿತ್ತು, ಹಡಗಿನ ಹೆಸರಿರಲಿಲ್ಲ. ಅದು ಕಡಲ್ಗಳ್ಳ ಬ್ಲ್ಯಾಕ್‌ಬಿಯರ್ಡ್‌ನ ‘ಕ್ವೀನ್ ಆನ್ಸ್ ರಿವೆಂಜ್’ ಎಂಬುದು ಅಧಿಕೃತವಾಗಿದ್ದು 2011ರಲ್ಲಿ.

ಉಗಿ ಹಡಗಾದರೆ ಎಂಜಿನ್ ಅಳೆಯಿರಿ. ಹಡಗುಗಳ ವಿವರ ದಾಖಲಿಸುವ ಲಾಯ್ಡ್ಸ್ ರಿಜಿಸ್ಟರ್‌ನಲ್ಲಿ ಸಿಲಿಂಡರ್‌ಗಳ ವ್ಯಾಸ, ಸ್ಟ್ರೋಕ್ (ಪಿಸ್ಟನ್ ಓಡಾಡುವ ದೂರ) ಇಂಚಿನಲ್ಲಿ ಸಿಗುತ್ತವೆ. ಎಡವಟ್ಟಾಗುವುದೂ ಇಲ್ಲೇ: ಅಲ್ಲಿರುವುದು ಒಳವ್ಯಾಸ, ನೀರಡಿ ಟೇಪಿಗೆ ಸಿಗುವುದು ಹೊರವ್ಯಾಸ. ಲೋಹದ ದಪ್ಪ, ಅದರ ಮೇಲೆ ಕಟ್ಟಿದ ತುಕ್ಕಿನ ಗಡ್ಡೆ, ಎರಡನ್ನೂ ಕಳೆಯದಿದ್ದರೆ ಸರಿಯಾದ ಹಡಗೇ ಪಟ್ಟಿಯಿಂದ ಬಿದ್ದುಹೋಗುತ್ತದೆ.

ಕಟ್ಟಿಗೆಯ ತುಂಡನ್ನು ಒಣಗಲು ಬಿಡಬೇಡಿ; ಜೀವಕೋಶ ಕುಸಿದರೆ ಮರದ ಜಾತಿ ಗುರುತಿಸಲಾಗದು. ಹಳಿಯಾಳದ ಸಾಗವಾನಿ ಬಲ್ಲ ನಮ್ಮ ಕಡೆಯವರಿಗೆ ‘ಸಾಗವಾನಿ ಅಂದರೆ ಭಾರತದಲ್ಲೇ ಕಟ್ಟಿದ ಹಡಗು’ ಅನ್ನುವ ಚಪಲ ಇದ್ದೇ ಇರುತ್ತದೆ. ಬರ್ಮಾದಲ್ಲೂ ಸಾಗವಾನಿ ಬೆಳೆಯುತ್ತದಲ್ಲ! ಇನ್ನು 1650ರ ಈಚಿನ ಮರಕ್ಕೆ ರೇಡಿಯೋಕಾರ್ಬನ್ ಕಾಲನಿರ್ಣಯ (ಉಳಿದ ಇಂಗಾಲ ಅಳೆದು ವಯಸ್ಸು ಹೇಳುವ ವಿಧಾನ) ಹೆಚ್ಚೇನೂ ಹೇಳುವುದಿಲ್ಲ, ಉತ್ತರ ಶತಮಾನಗಳಷ್ಟು ಹಿಗ್ಗುತ್ತದೆ.

ಕೊನೆಗೆ ಉಳಿಯುವುದು ತಾಳೆ ನೋಡುವ ಕೆಲಸ. ಇಂಗ್ಲಿಷ್ ನಾವಿಕ ಜೇಮ್ಸ್ ಕುಕ್‌ನ ಹಡಗು ‘ಎಂಡೆವರ್’ ಸಿಕ್ಕಿತೆಂದು 2022ರಲ್ಲಿ ಆಸ್ಟ್ರೇಲಿಯಾದ ಮ್ಯೂಸಿಯಂ ಸಾರಿದ್ದು ಮರದ ಅಳತೆ, ರಚನೆಯ ಹೊಂದಿಕೆಯ ಮೇಲೆ, ಗಂಟೆಯಿಲ್ಲ, ಹೆಸರಿಲ್ಲ. ಜೊತೆಗೆ ದುಡಿದ ಅಮೆರಿಕದ ರೋಡ್ ಐಲೆಂಡ್‌ನ ಸಂಶೋಧಕರೇ ಅದು ಅವಸರದ ಮಾತು ಎಂದು ತಕರಾರು ತೆಗೆದರು. ನಮ್ಮ ವರದಿ ನಮೂನೆಯಲ್ಲಿ ತಾಳೆಯಾಗದ ಅಳತೆಗಳಿಗೆಂದೇ ಒಂದು ಕಾಲಂ ಇದೆ, ಅದನ್ನು ಖಾಲಿ ಬಿಟ್ಟು ತಂದವರ ವರದಿ ವಾಪಸು ಹೋಗುತ್ತದೆ.