ಸಿಂಕಿಗೆ ಸುರಿದ ನ್ಯಾನೋ ಬೆಳ್ಳಿ ಯಾರ ಲೆಕ್ಕಕ್ಕೆ?

ಮನುಷ್ಯರ ಮೇಲೆ ಪ್ರಯೋಗವಾದರೆ ಎಥಿಕ್ಸ್ ಕಮಿಟಿ, ಪ್ರಾಣಿಗಳಿಗೆ ಬೇರೊಂದು, ಕುಲಾಂತರಿ ಜೀವಿಗಳಿಗೆ ಬಯೋಸೇಫ್ಟಿ ಕಮಿಟಿ. ಲ್ಯಾಬಿನ ಬೀಕರಿನಲ್ಲಿ ಬರೀ ನ್ಯಾನೋ ಬೆಳ್ಳಿ, ಅಂದರೆ ಕಣ್ಣಿಗೆ ಕಾಣದಷ್ಟು ಸಣ್ಣ ಬೆಳ್ಳಿ ಕಣ ಮಾಡುವವರ ಅರ್ಜಿ ಈ ಮೂರರಲ್ಲಿ ಯಾರ ಮೇಜಿಗೂ ಹೋಗಬೇಕಿಲ್ಲ.

ಐಸಿನಲ್ಲಿಟ್ಟ ಸೋಡಿಯಂ ಬೋರೋಹೈಡ್ರೈಡ್ ದ್ರಾವಣಕ್ಕೆ ಸಿಲ್ವರ್ ನೈಟ್ರೇಟ್ ಹನಿಹನಿಯಾಗಿ ಬಿಟ್ಟರೆ ಹಳದಿ ಬರುತ್ತದೆ, ಅದೇ ನ್ಯಾನೋ ಬೆಳ್ಳಿ. ಬೂದು ಬಣ್ಣಕ್ಕೆ ತಿರುಗಿತೋ, ಕಣಗಳು ಅಂಟಿಕೊಂಡು ಬ್ಯಾಚ್ ಕೆಟ್ಟಂತೆ. ಸಿಂಕ್ ಪಾಲಾಗುವುದು ಸಾಮಾನ್ಯವಾಗಿ ಈ ಕೆಟ್ಟ ಬ್ಯಾಚು, ಮತ್ತೆ ಬೀಕರ್ ತೊಳೆದ ನೀರು. ಎಷ್ಟಿದ್ದೀತು ಮಹಾ? 1 ಗ್ರಾಂ ಬೆಳ್ಳಿಯ ಘನದ ಮೇಲ್ಮೈ ಒಂದೂಕಾಲು ಚದರ ಸೆಂಟಿಮೀಟರ್. ಅದೇ ಗ್ರಾಮನ್ನು 20 ನ್ಯಾನೋಮೀಟರ್ (ಒಂದು ನ್ಯಾನೋಮೀಟರ್ ಎಂದರೆ ಮಿಲಿಮೀಟರಿನ ಹತ್ತು ಲಕ್ಷದಲ್ಲಿ ಒಂದು ಭಾಗ) ಕಣ ಮಾಡಿದರೆ ಸುಮಾರು 28 ಚದರ ಮೀಟರ್, ಅಂದರೆ 20×30 ಸೈಟಿನ ಅರ್ಧ! ಅಯಾನು (ವಿದ್ಯುದಂಶವಿರುವ ಬೆಳ್ಳಿಯ ಪರಮಾಣು) ಬಿಡುವುದು ಈ ಮೇಲ್ಮೈಯೇ, ಬ್ಯಾಕ್ಟೀರಿಯಾ ಕೊಲ್ಲುವುದು ಆ ಅಯಾನೇ. ಎಸ್‌ಟಿಪಿ (ಕೊಳಚೆ ನೀರು ಶುದ್ಧೀಕರಿಸುವ ಘಟಕ) ನಡೆಯುವುದೂ ಬ್ಯಾಕ್ಟೀರಿಯಾದಿಂದಲೇ.

ನ್ಯಾಯವಾಗಿ ಹೇಳಬೇಕೆಂದರೆ, ಎಸ್‌ಟಿಪಿ ಸೇರಿದ ಬೆಳ್ಳಿಯ ಬಹುಪಾಲು ಸಲ್ಫೈಡ್ ಆಗಿ ಕೆಸರಿನಲ್ಲಿ ಕೂರುತ್ತದೆ, ಅದರ ವಿಷವೂ ಕಡಿಮೆ. ಆದರೆ ಕೆಸರು ಗೊಬ್ಬರವಾಗಿ ಹೊಲಕ್ಕೆ ಹೋಗಬಹುದು, ಬೆಂಗಳೂರಿನ ಶುದ್ಧೀಕರಿಸಿದ ನೀರು ಕೆ.ಸಿ. (ಕೋರಮಂಗಲ–ಚಲ್ಲಘಟ್ಟ) ವ್ಯಾಲಿ ಯೋಜನೆಯಲ್ಲಿ 2018ರಿಂದ ಕೋಲಾರದ ಕೆರೆಗಳಿಗೆ ಹರಿಯುತ್ತಿದೆ. ಬೆಂಗಳೂರಿನಲ್ಲಿ ಸುರಿದದ್ದಕ್ಕೆ ಕೋಲಾರದವರ ಒಪ್ಪಿಗೆ ಕೇಳಿದವರಿಲ್ಲ.

ಮಾಡಬೇಕಾದದ್ದು ದೊಡ್ಡದೇನಲ್ಲ. ಮೊದಲ ಮೂರು ತೊಳೆತದ ನೀರು ಬೇರೆ ಕ್ಯಾನಿಗೆ. ಉಪ್ಪು ಹಾಕಿದರೆ ಕಣಗಳು ಗುಂಪುಗೂಡಿ ತಳ ಸೇರುತ್ತವೆ. ಕಣಗಳಿಗೆ ಪಿವಿಪಿ ಎಂಬ ಪಾಲಿಮರ್ ಹೊದಿಕೆ ಇದ್ದರೆ ಈ ಉಪಾಯ ಅಷ್ಟು ಸುಲಭಕ್ಕೆ ನಡೆಯದು, ದ್ರಾವಣವನ್ನೇ ಇಡಬೇಕು. ಉಳಿದ ಬೋರೋಹೈಡ್ರೈಡ್ ಹೈಡ್ರೋಜನ್ ಬಿಡುತ್ತಲೇ ಇರುತ್ತದೆ, ಮುಚ್ಚಳ ಬಿಗಿದರೆ ಕ್ಯಾನ್ ಉಬ್ಬುತ್ತದೆ. ಹಾಗಾಗಿ ರಾತ್ರಿಯಿಡೀ, ಅನಿಲವನ್ನು ಹೊರಗೆಳೆಯುವ ಫ್ಯೂಮ್ ಹುಡ್‌ನಲ್ಲಿ ಮುಚ್ಚಳ ಸಡಿಲಿಸಿ ಇಡಿ. ಚೀಟಿಯಲ್ಲಿ ‘ಬೆಳ್ಳಿ’ ಅಂತಷ್ಟೇ ಬರೆದರೆ ಸಾಲದು. ಗಾತ್ರ, ಹೊದಿಕೆ, ತಾರೀಖು ಬೇಕು. ಒಣ ಪುಡಿಯಾದರೆ ಫ್ಯಾನ್ ಆರಿಸಿ ತೂಗಿ, ಚೆಲ್ಲಿದರೆ ಒದ್ದೆ ಬಟ್ಟೆಯಲ್ಲಿ ಒರೆಸಿ. ಪೊರಕೆ ಮುಟ್ಟಲೇಬೇಡಿ. ಎನ್95 ಮಾಸ್ಕ್ ನ್ಯಾನೋ ಕಣವನ್ನು ಚೆನ್ನಾಗಿಯೇ ಹಿಡಿಯುತ್ತದೆ. ಸೋರುವುದು ಗಡ್ಡದ ಪಕ್ಕದಲ್ಲಿ.

2007ರಲ್ಲಿ ಕೇಂದ್ರ ಸರ್ಕಾರದ ನ್ಯಾನೋ ಸಂಶೋಧನಾ ಯೋಜನೆಯಾದ ನ್ಯಾನೋ ಮಿಷನ್‌ಗೆ ಐದು ವರ್ಷಕ್ಕೆ 1,000 ಕೋಟಿ ರೂಪಾಯಿ ಮಂಜೂರಾಯಿತು. ನ್ಯಾನೋ ಔಷಧಿಗಳ ಮಾರ್ಗಸೂಚಿ ಬಂದದ್ದು 2019ರಲ್ಲಿ, ಕೃಷಿ ಉತ್ಪನ್ನಗಳದ್ದು 2020ರಲ್ಲಿ. ಎರಡೂ ಮಾರುಕಟ್ಟೆಗೆ ಹೊರಟ ಸರಕಿಗೆ, ಲ್ಯಾಬಿನ ಮೋರಿಗಲ್ಲ. 2016ರ ಅಪಾಯಕಾರಿ ತ್ಯಾಜ್ಯ ನಿಯಮದ ಮಿತಿಗಳೂ ತೂಕದ ಲೆಕ್ಕದವು. 28 ಚದರ ಮೀಟರ್ ಅಲ್ಲಿ ಬರೀ 1 ಗ್ರಾಂ. ಅನುದಾನದ ಅರ್ಜಿಯಲ್ಲಿ ಎರಡು ಸಾಲು ಕೇಳಿದರೆ ಸಾಕಿತ್ತು: ಎಷ್ಟು ಗ್ರಾಂ ಮಾಡುತ್ತೀರಿ, ಉಳಿದದ್ದು ಎಲ್ಲಿಗೆ ಹೋಗುತ್ತದೆ? ಜೊತೆಗೆ ಕ್ಯಾನಿಗೂ ಅದನ್ನು ಸಾಗಿಸುವುದಕ್ಕೂ ಬಜೆಟ್ಟಿನಲ್ಲಿ ಒಂದು ಬಾಬ್ತು.