ಮರೆಗುಳಿ ರೇಡಿಯೊ

ಭಾನುವಾರ, ಮಾರ್ಚ್ 9, 2025

ಬೆಳಗ್ಗೆ ಗ್ಲೈಡರ್‌ನ (ಎಂಜಿನ್ ಇಲ್ಲದೆ ಹಾರುವ ವಿಮಾನ) ಮಾಸ್ಟರ್ ಸ್ವಿಚ್ ಹಾಕಿದರೆ ರೇಡಿಯೊ ಮತ್ತೆ ತನ್ನ ಮೊದಲ ಚಾನೆಲ್ಲಾದ 118.000 ಮೆಗಾಹರ್ಟ್ಸ್ ತೋರಿಸುತ್ತಾ ಕೂತಿದೆ. ನಿನ್ನೆ ಸಂಜೆ ತಾಳ್ಮೆಯಿಂದ ತುಂಬಿಟ್ಟ ಒಂಬತ್ತು ಚಾನೆಲ್‌ಗಳಲ್ಲಿ ಒಂದೂ ಇಲ್ಲ. ಯಾರೂ ಮಾತಾಡದಾಗ ಗೊರಗೊರ ಸದ್ದನ್ನು ಅಡಗಿಸುವ ಸ್ಕ್ವೆಲ್ಚ್ ಕೂಡ ತನಗೆ ಬೇಕಾದ ಕಡೆ ಹೋಗಿದೆ. ಮೂರು ವಾರದಿಂದ ಇದೇ ಕಥೆ.

ಮೊದಲು ನಾನು ಬೈದಿದ್ದು ಸೀಟಿನ ಹಿಂದಿನ 12 ವೋಲ್ಟ್ ಬ್ಯಾಟರಿಯನ್ನು. ಅದನ್ನು ಬದಲಾಯಿಸಿಯೂ ನೋಡಿದೆ. ಆಮೇಲೆ ಫ್ಯೂಸ್, ಆಮೇಲೆ ವೈರು. ಕೊನೆಗೆ ಇವತ್ತು, ನಮ್ಮ ಗ್ಲೈಡರ್‌ಗಳ ತಪಾಸಣೆ ಮಾಡುವ ಹಿರಿಯರನ್ನು ಕೇಳಿದೆ. ತಲೆ ಕೂಡ ಎತ್ತಲಿಲ್ಲ ಅವರು.

"ಹೊರಗಿನ ಬ್ಯಾಟರಿ ಬಿಡಪ್ಪ. ಒಳಗಿನ ಬಿಲ್ಲೆ ಸತ್ತಿದೆ."

"ಒಳಗೂ ಬ್ಯಾಟರಿ ಇದೆಯಾ ಸರ್?"

"ಇಲ್ಲದೆ ರಾತ್ರಿಯೆಲ್ಲ ಯಾರು ನೆನಪಿಟ್ಕೊಳ್ತಾರೆ, ನೀನಾ?"

ಈಗಿನ ಸೆಟ್‌ಗಳಲ್ಲಿ ಚಾನೆಲ್‌ಗಳು ಫ್ಲ್ಯಾಶ್ ಮೆಮೊರಿಯಲ್ಲಿ ಇರುತ್ತವೆ. ಕರೆಂಟ್ ಹೋದರೂ ಅಳಿಸುವುದಿಲ್ಲ. ನಮ್ಮದು ಹಳೇ ಕಾಲದ್ದು. ಚಾನೆಲ್‌ನಿಂದ ಚಾನೆಲ್‌ಗೆ 25 ಕಿಲೊಹರ್ಟ್ಸ್ ಅಂತರದ್ದು, 118.000ದಿಂದ 136.975ವರೆಗೆ 760 ಚಾನೆಲ್, ಅಷ್ಟೇ. (8.33 ಕಿಲೊಹರ್ಟ್ಸ್ ಅಂತರ ಕಡ್ಡಾಯ ಇರುವ ಕಡೆ ಇದನ್ನು ಹಾಕುವ ಹಾಗೇ ಇಲ್ಲ.) ಇದರ ಮೆಮೊರಿ ಚಿಪ್‌ಗೆ ಸದಾ ಸ್ವಲ್ಪ ವೋಲ್ಟೇಜ್ ಬೇಕು. ಮಾಸ್ಟರ್ ಆರಿಸಿದ ಮೇಲೆ ಅದನ್ನು ಕೊಡುವುದು ಬೋರ್ಡ್ ಮೇಲಿನ ಲಿಥಿಯಂ ಬಿಲ್ಲೆ.

ಇನ್ನೊಂದು ವಿಷಯವೂ ಈಗ ಅರ್ಥವಾಯಿತು. ಈಚೆಗೆ ಎಲ್ಲರೂ "ನಿಮ್ಮ ಧ್ವನಿ ಕೇಳಿಸ್ತಿಲ್ಲ" ಅನ್ನುತ್ತಿದ್ದರು. ಮೈಕ್ ಗೇನ್, ಅಂದರೆ ಮೈಕಿನ ಧ್ವನಿಯನ್ನು ಎಷ್ಟು ಏರಿಸಬೇಕು ಅನ್ನುವ ಸೆಟ್ಟಿಂಗ್ ಕೂಡ ಅದೇ ಮೆಮೊರಿಯಲ್ಲಿ ಇತ್ತಂತೆ. ಪಾಪ, ಮೈಕನ್ನು ಸುಮ್ನೆ ಬೈದೆವು.

ಬುಧವಾರ, ಮಾರ್ಚ್ 12

ರೇಡಿಯೊ ಹೊರಗೆ ತೆಗೆದೆ. ಪ್ಯಾನೆಲ್‌ನಲ್ಲಿ 57 ಮಿಲಿಮೀಟರಿನ ತೂತು, ಮುಂದೆ ನಾಲ್ಕು ಸ್ಕ್ರೂ, ಹಿಂದೆ 15 ಪಿನ್ನಿನ ಕನೆಕ್ಟರ್, ಆಂಟೆನಾದ ಬಿಎನ್‌ಸಿ ಕನೆಕ್ಟರ್. ಹತ್ತು ನಿಮಿಷದ ಕೆಲಸ. ನನಗೆ ಎರಡು ಗಂಟೆ ಹಿಡಿಯಿತು.

ಮೂರು ಸ್ಕ್ರೂ ಅಂಗೈಗೆ ಬಂತು. ನಾಲ್ಕನೆಯದು 'ಟಿಣ್' ಅಂತ ಎಲ್ಲೋ ಬಿತ್ತು. ಕಾರಿನಲ್ಲಾದರೆ ಹಾಳಾಗಿ ಹೋಗಲಿ ಅನ್ನಬಹುದು. ಗ್ಲೈಡರ್‌ನಲ್ಲಿ ಹಾಗಲ್ಲ. ಸೀಟಿನ ಕೆಳಗೇ ಗ್ಲೈಡರನ್ನು ಏರಿಸಿ ಇಳಿಸಿ ವಾಲಿಸುವ ಸ್ಟಿಕ್‌ನ ರಾಡ್‌ಗಳು ಓಡಾಡುತ್ತವೆ. ಅಲ್ಲಿ ಒಂದು ಸ್ಕ್ರೂ ಸಿಕ್ಕಿಕೊಂಡರೆ ಮೇಲೆ ಹೋದಾಗ ಸ್ಟಿಕ್ ಅಲ್ಲಾಡದೆ ನಿಲ್ಲಬಹುದು. ಸಿಗುವ ತನಕ ಹಾರಾಟ ಇಲ್ಲ ಅಂತ ಕ್ಯಾನೊಪಿ (ಮೇಲಿನ ಪಾರದರ್ಶಕ ಮುಚ್ಚಳ) ಮೇಲೆ ಚೀಟಿ ಅಂಟಿಸಿ ಹುಡುಕಲು ಕೂತೆ.

ಉದ್ದ ಕಡ್ಡಿಯ ತುದಿಗೆ ಮ್ಯಾಗ್ನೆಟ್ ಕಟ್ಟಿ ಅರ್ಧ ಗಂಟೆ ತಡಕಾಡಿದೆ. ಆಮೇಲೆ ಕೈಯಲ್ಲಿದ್ದ ಉಳಿದ ಮೂರನ್ನು ನೋಡಿದೆ. ಹಳದಿ! ಹಿತ್ತಾಳೆ. ಪಕ್ಕದಲ್ಲೇ ಕಂಪಾಸ್ ಇದೆ ಅಲ್ವಾ, ಅದಕ್ಕೆ ಅಡ್ಡಿಯಾಗಬಾರದು ಅಂತ ಯಾರೋ ಬುದ್ಧಿವಂತರು ಹಿತ್ತಾಳೆಯದ್ದೇ ಹಾಕಿದ್ದಾರೆ. ಹಿತ್ತಾಳೆ ಮ್ಯಾಗ್ನೆಟ್ಟಿಗೆ ಯಾಕೆ ಅಂಟುತ್ತದೆ? ಕೊನೆಗೆ ಸೀಟನ್ನೇ ಎತ್ತಿ, ಟಾರ್ಚನ್ನು ನೆಲಕ್ಕೆ ಮಲಗಿಸಿ ಹಿಡಿದಾಗ ಪುಟ್ಟ ನೆರಳೊಂದು ಉದ್ದಕ್ಕೆ ಚಾಚಿತು. ಸಿಕ್ಕಿತು. ಇನ್ನು ಮೇಲೆ ಪ್ಯಾನೆಲ್ ಕೆಳಗೆ ಮೊದಲು ಟವೆಲ್ ಹಾಸುವುದು, ಸ್ಕ್ರೂಡ್ರೈವರ್ ಆಮೇಲೆ.

ಶನಿವಾರ, ಮಾರ್ಚ್ 15

ಇವತ್ತು ಮುಚ್ಚಳ ತೆಗೆದದ್ದು ಆ ಹಿರಿಯರ ಎದುರಿಗೇ. ವಿಮಾನದ ರೇಡಿಯೊ ಬಿಚ್ಚಿ ಮತ್ತೆ ಹಾಕಬೇಕಾದರೆ ಸಹಿ ಮಾಡುವ ಹಕ್ಕು ಇರುವವರು ಬೇಕು. ನನಗೆ ಆ ಹಕ್ಕಿಲ್ಲ, ಕೈ ಮಾತ್ರ ನನ್ನದು. ಮಣಿಕಟ್ಟಿಗೆ ಅರ್ಥ್ ಪಟ್ಟಿ ಕಟ್ಟಿಕೊಂಡೆ. ಹಳೇ ಸಿಮಾಸ್ ಚಿಪ್‌ಗಳು ನಮ್ಮ ಮೈಯ ಸ್ಟ್ಯಾಟಿಕ್‌ಗೇ ಸಾಯುತ್ತವೆ.

ಮುಚ್ಚಳದ ಒಳಗೆ ಪೆನ್ಸಿಲ್‌ನಲ್ಲಿ '4/2011' ಅಂತ ಬರೆದಿತ್ತು. ಹಿರಿಯರು ಕನ್ನಡಕ ಏರಿಸಿ ನೋಡಿದರು. "ನನ್ನ ಕೈಬರಹ ಅಲ್ಲ" ಅಂದರು. ಆ ಬಿಲ್ಲೆ ಹದಿನಾಲ್ಕು ವರ್ಷ ಬಾಳಿದೆ!

ಅದು ಸಿಆರ್2032. 20 ಮಿಲಿಮೀಟರ್ ಅಗಲ, 3.2 ದಪ್ಪ, ಹೆಸರಲ್ಲೇ ಅಳತೆ ಇದೆ. ಆದರೆ ಅಂಗಡಿಯ ಸಾದಾ ಬಿಲ್ಲೆ ಅಲ್ಲ. ಎರಡೂ ಕಡೆ ತಗಡಿನ ಕಾಲು ವೆಲ್ಡ್ ಆಗಿರುವಂಥದ್ದು. ಸಾದಾ ಬಿಲ್ಲೆಯ ಮೈಗೆ ನೇರವಾಗಿ ಸೋಲ್ಡರ್ ಮಾಡಲೇಬಾರದು. ಕಾವಿಗೆ ಒಳಗಿನ ಸೀಲು ಹಾಳಾಗುತ್ತದೆ, ಸಿಡಿಯಲೂಬಹುದು. ಮೀಟರ್ ಇಟ್ಟೆ. 3 ವೋಲ್ಟ್ ಇರಬೇಕಾದ ಕಡೆ 1.3.

ಹೊಸದರ ಜಾಗದಲ್ಲಿ ಹೋಲ್ಡರ್ ಕೂರಿಸಿದರೆ ಮುಂದೆ ಸುಲಭ ಅಲ್ವಾ ಅಂದೆ. ಹಿರಿಯರು ಮೇಜಿನ ಮೇಲೆ ಮುಷ್ಟಿಯಿಂದ ಒಂದು ಗುದ್ದು ಕೊಟ್ಟರು. "ಇದು ನಿನ್ನ ಲ್ಯಾಂಡಿಂಗ್." ಹುಲ್ಲಿನ ಮೇಲೆ ಧಡ್ ಅಂತ ಇಳಿದಾಗ ಹೋಲ್ಡರ್‌ನ ಸ್ಪ್ರಿಂಗ್ ಒಂದು ಕ್ಷಣ ಕೈಬಿಟ್ಟರೆ, ಮಾಸ್ಟರ್ ಆರಿಸಿದ್ದ ಹೊತ್ತಾದರೆ, ಮೆಮೊರಿ ಹೋಯಿತು. ಟ್ರೈಲರ್‌ನಲ್ಲಿ ಸಾಗಿಸುವಾಗಲೂ ಅಷ್ಟೇ. ಕಾಲಿರುವ ಬಿಲ್ಲೆಯೇ ಸರಿ ಅಂತ ನಾನೂ ಒಪ್ಪಿದೆ.

ಹಳೆಯದನ್ನು ಕೀಳುವಾಗ ಅವಸರ ಮಾಡಲಿಲ್ಲ. ಮೊದಲು ಕಟರ್‌ನಿಂದ ಎರಡೂ ಕಾಲು ಕತ್ತರಿಸಿ ಬಿಲ್ಲೆಯನ್ನು ಬೇರೆ ಮಾಡಿದೆ. ಆಮೇಲೆ ಒಂದೊಂದೇ ತುಂಡು. ಪ್ಲಸ್ ಕಾಲು ಸೋಲ್ಡರಿಂಗ್ ಐರನ್ ತಾಗಿಸಿದ ಕೂಡಲೇ ಬಂತು. ಮೈನಸ್ ಮಾತ್ರ ಜಗ್ಗಲಿಲ್ಲ. ಅದು ಬೋರ್ಡಿನ ಗ್ರೌಂಡ್ ತಾಮ್ರಕ್ಕೆ ಸೇರಿದೆ, ಕೊಟ್ಟ ಕಾವನ್ನೆಲ್ಲ ಅದೇ ಕುಡಿಯುತ್ತದೆ. ಎಳೆಯೋಣ ಅನಿಸಿತು. ಎಳೆದಿದ್ದರೆ ಕಾಲು ಅಂಟಿದ್ದ ತಾಮ್ರದ ಪ್ಯಾಡೇ ಬೋರ್ಡಿನಿಂದ ಕಿತ್ತು ಬರುತ್ತಿತ್ತು. ಅಗಲ ತುದಿ ಹಾಕಿ, 350 ಡಿಗ್ರಿ ಇಟ್ಟು, ಮೇಲೆ ಸ್ವಲ್ಪ ಹೊಸ ಸೋಲ್ಡರ್ ಕರಗಿಸಿದೆ. ಹಳೇ ಸೋಲ್ಡರ್ ಮಂಕಾಗಿದ್ದದ್ದು ತಟ್ಟನೆ ಹೊಳೆಯಿತು, ಕಾಲು ತಾನೇ ಜಾರಿತು. ಉಳಿದದ್ದನ್ನು ತಾಮ್ರದ ಜಡೆಯಿಂದ ಹೀರಿ ತೆಗೆದೆ.

ಹೊಸದನ್ನು ಹಾಕುವ ಮೊದಲು ಒಂದು ಪರೀಕ್ಷೆ. ಕೆಲವು ಹಳೇ ಸೆಟ್‌ಗಳಲ್ಲಿ ಇರುವುದು ಚಾರ್ಜ್ ಆಗುವ ನಿಕಲ್-ಕ್ಯಾಡ್ಮಿಯಂ ಸೆಲ್. ಅಂಥ ಕಡೆ ಸಿಆರ್ ಹಾಕಿದರೆ ಸೆಟ್ ಅದನ್ನು ಚಾರ್ಜ್ ಮಾಡಲು ನೋಡುತ್ತದೆ. ಚಾರ್ಜ್ ಆಗಬಾರದ ಲಿಥಿಯಂಗೆ ಅದು ಅಪಾಯ. ಹಾಗಾಗಿ ಖಾಲಿ ಪ್ಯಾಡ್‌ಗಳಿಗೆ ಮೀಟರ್ ಹಿಡಿದು, ಮೇಜಿನ ಮೇಲೆ ಕರೆಂಟ್ ಕೊಡುವ ಬೆಂಚ್ ಸಪ್ಲೈಯನ್ನು ಅರ್ಧ ಆಂಪಿಯರ್ ಮಿತಿಗೆ ಇಟ್ಟು ಸೆಟ್ ಆನ್ ಮಾಡಿದೆ. 0.3 ವೋಲ್ಟ್ ತೋರಿಸಿತು. ಎದೆ ಧಸಕ್ಕೆಂದಿತು.

"ಹತ್ತು ಕಿಲೊ ಓಮ್ ರೆಸಿಸ್ಟರ್ ಅಡ್ಡ ಇಡು" ಅಂದರು ಹಿರಿಯರು. ಇಟ್ಟೆ. ಸೊನ್ನೆ. ಬಿಲ್ಲೆಯ ದಾರಿಯಲ್ಲಿ ಕಾವಲಿಗೆ, ಕರೆಂಟನ್ನು ಒಂದೇ ದಿಕ್ಕಿಗೆ ಬಿಡುವ ಡಯೋಡ್ ಇದೆ. ಅದರಿಂದ ಹಿಂದಕ್ಕೆ ಸೋರುವ ಅಣುಮಾತ್ರದ ಕರೆಂಟನ್ನು ಮೀಟರ್ ದೊಡ್ಡದು ಮಾಡಿ ತೋರಿಸಿತ್ತು. ನಿಜವಾಗಿ ಚಾರ್ಜ್ ಮಾಡುವಷ್ಟು ಬಲ ಅದಕ್ಕಿಲ್ಲ.

ಸಪ್ಲೈ ತೆಗೆದು ಹೊಸ ಬಿಲ್ಲೆ ಕೂರಿಸಿದೆ. ಮೈನಸ್ ಮೊದಲು, ಪ್ಲಸ್ ಆಮೇಲೆ. ಆದರೆ ಪ್ಲಸ್ ಸೇರಿಸುವ ಮೊದಲು ನಡುವೆ 1 ಕಿಲೊ ಓಮ್ ರೆಸಿಸ್ಟರ್ ಇಟ್ಟು ನೋಡಿದರೆ ಅದರ ಮೇಲೆ ಸುಮಾರು 2 ಮಿಲಿವೋಲ್ಟ್. ಅಂದರೆ 2 ಮೈಕ್ರೊ ಆಂಪಿಯರ್. ಬಿಲ್ಲೆಯಲ್ಲಿ 220 ಮಿಲಿಆಂಪಿಯರ್-ಗಂಟೆಯಷ್ಟು ಇರುತ್ತದೆ. ಗುಣಾಕಾರ ಭಾಗಾಕಾರ ಮಾಡಿದರೆ ಹನ್ನೆರಡು ವರ್ಷ ದಾಟುತ್ತದೆ. ಗ್ಲೈಡರ್ ಹಾರುವಾಗ ಖರ್ಚು ದೊಡ್ಡ ಬ್ಯಾಟರಿಯದ್ದು. ಹದಿನಾಲ್ಕು ವರ್ಷದ ಲೆಕ್ಕ ಹೆಚ್ಚುಕಡಿಮೆ ಕೂಡಿಬಂತು.

ಬೋರ್ಡನ್ನು ಮೇಜಿನ ಮೇಲೆ ಇಡಲು ಹೋದೆ. ಹಿರಿಯರು ಕೈ ಹಿಡಿದರು. ಕೆಳಗೆ ಅಲ್ಯೂಮಿನಿಯಂ ತಗಡು! ಈಗ ಇದರೊಳಗೆ ಸದಾ 3 ವೋಲ್ಟ್ ಇದೆ, ಸ್ವಿಚ್ ಇಲ್ಲದ 3 ವೋಲ್ಟ್. ಮರದ ಹಲಗೆ ತಂದೆ.

ಮುಚ್ಚಳದ ಒಳಗೆ ಹಳೇ ತಾರೀಕಿನ ಕೆಳಗೆ '3/2025' ಬರೆದೆ. ಪೆನ್ಸಿಲ್ ನನ್ನ ಕೈಗೆ ಕೊಟ್ಟದ್ದೂ ಅವರೇ.

ಭಾನುವಾರ, ಮಾರ್ಚ್ 16

ನಿನ್ನೆ ರಾತ್ರಿ ಒಂಬತ್ತು ಚಾನೆಲ್ ತುಂಬಿಸಿ, ಮೈಕ್ ಗೇನ್ ಸರಿಮಾಡಿ, ಸಪ್ಲೈ ಕಿತ್ತು ಮಲಗಿದ್ದೆ. ಬೆಳಗ್ಗೆ ಹಲ್ಲುಜ್ಜುವ ಮೊದಲೇ ಆನ್ ಮಾಡಿದೆ. ಒಂಬತ್ತೂ ಇದ್ದವು.

ಬೆಂಚಿನ ಮೇಲೆ ಟ್ರಾನ್ಸ್‌ಮಿಟ್ ಒತ್ತುವ ಮೊದಲು ಆಂಟೆನಾ ಜಾಗಕ್ಕೆ ಆಂಟೆನಾ ಬದಲು ಶಕ್ತಿಯನ್ನು ನುಂಗುವ 50 ಓಮ್ ಲೋಡ್ ಹಾಕಿ, ಸಪ್ಲೈಯ ಮಿತಿ ಏರಿಸಿದೆ. ಆ ಜಾಗ ಖಾಲಿ ಬಿಟ್ಟು ಟ್ರಾನ್ಸ್‌ಮಿಟ್ ಮಾಡಿದರೆ ಔಟ್‌ಪುಟ್ ಟ್ರಾನ್ಸಿಸ್ಟರ್ ಸುಟ್ಟುಹೋಗಬಹುದು. ಆಮೇಲೆ ಗ್ಲೈಡರ್‌ಗೆ ಹಾಕಿದೆ. ಟವೆಲ್ ಹಾಸಿ, ನಾಲ್ಕೂ ಸ್ಕ್ರೂ ಎಣಿಸಿ. ಮೈದಾನದ ಆ ತುದಿಯಲ್ಲಿ ಕೈ ರೇಡಿಯೊ ಹಿಡಿದು ನಿಂತವನಿಂದ "ಫೈವ್" ಅಂತ ಬಂತು. ಧ್ವನಿಯ ಸ್ಪಷ್ಟತೆಗೆ ಅದಕ್ಕಿಂತ ಜಾಸ್ತಿ ಅಂಕ ಇಲ್ಲ. ಹಿರಿಯರು ಪುಸ್ತಕದಲ್ಲಿ ಸಹಿ ಮಾಡಿದರು.

ಮಧ್ಯಾಹ್ನ ಗೆಳೆಯನೊಬ್ಬ ಎರಡು ಗಂಟೆ ಹಾರಿ ಇಳಿದ. ಓಡಿ ಹೋಗಿ ರೇಡಿಯೊ ಹೇಗಿತ್ತು ಅಂತ ಕೇಳಿದೆ.

"ಯಾಕೆ, ಅದಕ್ಕೆ ಏನಾಗಿತ್ತು?" ಅಂದ.