ಟೀಚರೇ ಮಾತಾಡದಿದ್ರೆ ಫ್ರೆಂಚ್ ಬರೋದು ಹೇಗೆ?

ನಾನು ಬೆಂಗಳೂರಿನಲ್ಲಿ ದೊಡ್ಡವರಿಗೆ ಫ್ರೆಂಚ್ ಕಲಿಸುತ್ತೇನೆ. ಮೊದಲ ಕೆಲವು ವಾರ ‘ಸೈಲೆಂಟ್ ವೇ’ ಎಂಬ ವಿಧಾನದಲ್ಲಿ ಪಾಠ ನಡೆಯುತ್ತದೆ. ಹೆಸರೇ ಹೇಳುವಂತೆ ಅದರಲ್ಲಿ ಟೀಚರ್ ಹೆಚ್ಚು ಹೊತ್ತು ಸುಮ್ಮನೆ ಇರುತ್ತಾರೆ. ಹಾಗಾಗಿ ಹೊಸದಾಗಿ ಸೇರುವವರು, ಅವರ ಮನೆಯವರು, ನನ್ನ ನೆಂಟರು, ಎಲ್ಲರೂ ಕೇಳುವುದು ಒಂದೇ ಪ್ರಶ್ನೆ: “ನೀವೇ ಮಾತಾಡದಿದ್ರೆ ಅವರಿಗೆ ಭಾಷೆ ಬರೋದು ಹೇಗೆ? ಭಾಷೆ ಅಂದ್ರೆ ಕೇಳಿ ಕಲಿಯೋದಲ್ವಾ?”

ನಾನು ಎಲ್ಲ ವಿಷಯಕ್ಕೂ ಸುಮ್ಮನಿರುವುದಿಲ್ಲ. ಕಲಿಯುವವರು ಎಷ್ಟು ತಲೆ ಓಡಿಸಿದರೂ ತಾವಾಗಿ ಕಂಡುಹಿಡಿಯಲು ಆಗದ್ದನ್ನು ನಾನು ಹೇಳಲೇಬೇಕು. ಅವರು ಕಂಡುಹಿಡಿಯಬಹುದಾದದ್ದನ್ನು ಹೇಳುವುದಿಲ್ಲ. ಈ ವಿಧಾನದ ತಿರುಳು ಇಷ್ಟೇ. ಕ್ಲಾಸಿನಲ್ಲಿ ಅದು ಹೇಗೆ ನಡೆಯುತ್ತದೆ ಅಂತ ಹೇಳುತ್ತೇನೆ.

ಮೊದಲ ದಿನ ಮೇಜಿನ ಮೇಲೆ ಬಣ್ಣದ ಮರದ ಕಡ್ಡಿಗಳು ಇರುತ್ತವೆ. ಉದ್ದ 1 ಸೆಂಟಿಮೀಟರಿನಿಂದ 10ರವರೆಗೆ, ಒಂದೊಂದು ಉದ್ದಕ್ಕೆ ಒಂದೊಂದು ಬಣ್ಣ. ಬೆಲ್ಜಿಯಂನ ಜಾರ್ಜ್ ಕ್ಯುಸಿನೇರ್ ಎಂಬ ಮೇಷ್ಟ್ರು ಮಕ್ಕಳಿಗೆ ಲೆಕ್ಕ ಕಲಿಸಲು ಮಾಡಿಕೊಂಡದ್ದು ಇವು. 1953ರಲ್ಲಿ ಕ್ಯಾಲೆಬ್ ಗಟೇನ್ಯೊ ಇವನ್ನು ನೋಡಿ ಬೆರಗಾದರು. ಸೈಲೆಂಟ್ ವೇ ವಿಧಾನವನ್ನು ರೂಪಿಸಿದವರು ಇವರೇ. ಗಟೇನ್ಯೊ ಹುಟ್ಟಿದ್ದು 1911ರಲ್ಲಿ, ಈಜಿಪ್ಟಿನ ಅಲೆಕ್ಸಾಂಡ್ರಿಯಾದಲ್ಲಿ. ಅವರೂ ಗಣಿತದವರೇ. ಲೆಕ್ಕದ ಈ ಕಡ್ಡಿಗಳನ್ನೇ ಅವರು ಭಾಷೆಯ ಪಾಠಕ್ಕೂ ತಂದರು. ಸೈಲೆಂಟ್ ವೇ ಬಗ್ಗೆ ಅವರ ಪುಸ್ತಕ ಬಂದದ್ದು 1963ರಲ್ಲಿ.

ಒಂದು ಕಡ್ಡಿ ಎತ್ತಿ ಹಿಡಿದು “ಯೂನ್ ರೇಗ್ಲೆಟ್” ಎನ್ನುತ್ತೇನೆ. ಒಂದೇ ಸಲ. ಕಡ್ಡಿಗೆ ಫ್ರೆಂಚಿನಲ್ಲಿ ಏನನ್ನುತ್ತಾರೆ ಅಂತ ಯಾರೂ ಊಹಿಸಲಾರರು, ಅದಕ್ಕೇ ಹೇಳುವುದು. ಆಮೇಲೆ ಸುಮ್ಮನಾಗಿ, ನಿಮ್ಮ ಸರದಿ ಅಂತ ಕೈ ತೋರಿಸುತ್ತೇನೆ. ಒಬ್ಬರು ಒಂದು ಥರ ಹೇಳುತ್ತಾರೆ, ಪಕ್ಕದವರು ಇನ್ನೊಂದು ಥರ. ಆ ‘ಯೂ’ ಕನ್ನಡದಲ್ಲಿ ಇಲ್ಲದ ಸ್ವರ, ನಮ್ಮ ಲಿಪಿಯಲ್ಲಿ ಸರಿಯಾಗಿ ಬರೆಯಲೂ ಆಗದು. ನಾಲಿಗೆ ‘ಈ’ ಅನ್ನುವಾಗ ಇರುವ ಜಾಗದಲ್ಲೇ ಇರಬೇಕು, ತುಟಿ ಮಾತ್ರ ‘ಊ’ ಅನ್ನುವಂತೆ ಗುಂಡಗಾಗಬೇಕು. ನಾನು ಬರೀ ತುಟಿ ತೋರಿಸುತ್ತೇನೆ, ದನಿ ಇಲ್ಲದೆ. ಅವರು ಬಾಯಲ್ಲಿ ಹುಡುಕುತ್ತಾರೆ. ಯಾರಿಗಾದರೂ ಸಿಕ್ಕಿಬಿಟ್ಟರೆ ಅವರ ಕಡೆ ಕೈ ಮಾಡುತ್ತೇನೆ, ಉಳಿದವರು ಅವರಿಂದ ಕೇಳಿಸಿಕೊಳ್ಳುತ್ತಾರೆ. ಬಿಳಿ ಕಡ್ಡಿಗೆ ‘ಬ್ಲಾಂಶ್’ ಅನ್ನುವಾಗ ಸ್ವರ ಮೂಗಿನಿಂದ ಬರಬೇಕು. ಮನೆಯಲ್ಲಿ ಕೊಂಕಣಿ ಮಾತಾಡುವವರು ಕ್ಲಾಸಿನಲ್ಲಿದ್ದರೆ ಅದು ಅವರಿಗೆ ಸಲೀಸು. ಆಗ ಪಾಠ ಹೇಳಿಕೊಡುವವರು ಅವರೇ.

ಇನ್ನು ವ್ಯಾಕರಣ. ಕೆಂಪು ಕಡ್ಡಿ ತೋರಿಸಿ “ಯೂನ್ ರೇಗ್ಲೆಟ್ ರೂಜ್” ಎಂದಿರುತ್ತೇನೆ. ಆಮೇಲೆ ಕಪ್ಪು ಕಡ್ಡಿ ಮುಟ್ಟಿ ‘ನ್ವಾರ್’ ಎಂಬ ಒಂದೇ ಮಾತು ಕೊಡುತ್ತೇನೆ. ಹೆಚ್ಚಿನವರ ಬಾಯಲ್ಲಿ ಮೊದಲು ಬರುವುದು “ಯೂನ್ ನ್ವಾರ್ ರೇಗ್ಲೆಟ್”. ಸಹಜ ಅಲ್ವಾ? ನಾವು ‘ಕಪ್ಪು ಕಡ್ಡಿ’ ಅನ್ನುವವರು, ‘ಕಡ್ಡಿ ಕಪ್ಪು’ ಅನ್ನುವವರಲ್ಲ. ನಾನು ತಪ್ಪು ಅನ್ನುವುದಿಲ್ಲ, ಸರಿಯಾದ್ದನ್ನೂ ಹೇಳುವುದಿಲ್ಲ. ಮೂರು ಬೆರಳು ಎತ್ತುತ್ತೇನೆ. ಒಂದೊಂದು ಬೆರಳು ಅವರದೇ ಒಂದೊಂದು ಮಾತು. ಕೊನೆಯ ಎರಡು ಬೆರಳನ್ನು ಒಂದರ ಮೇಲೊಂದು ದಾಟಿಸುತ್ತೇನೆ. ಸ್ವಲ್ಪ ಹೊತ್ತು ಯಾರೂ ಮಾತಾಡುವುದಿಲ್ಲ. ಕೆಲವರ ಕಣ್ಣು ಕೆಂಪು ಕಡ್ಡಿಯ ಮೇಲೆ ಹೋಗುತ್ತದೆ, ಆಗ ಕೇಳಿದ್ದು ಏನು ಅಂತ ನೆನಪು ಮಾಡಿಕೊಳ್ಳುತ್ತಾರೆ. ಯಾರೋ ಒಬ್ಬರು ಮೆಲ್ಲಗೆ “ಯೂನ್ ರೇಗ್ಲೆಟ್ ನ್ವಾರ್” ಅನ್ನುತ್ತಾರೆ. ಬಣ್ಣ ಹಿಂದೆ ಬರುತ್ತದೆ ಅಂತ ನಾನು ಹೇಳಿಲ್ಲ. ಆದರೆ ಮುಂದಿನ ಬಣ್ಣ ಬಂದಾಗ ಅದು ತಾನಾಗಿ ಹಿಂದೆಯೇ ಹೋಗಿ ಕೂರುತ್ತದೆ.

ಅದೇ ಜಾಗದಲ್ಲಿ ನಾನೇ ಸರಿಯಾದ ವಾಕ್ಯ ಹೇಳಿಬಿಟ್ಟಿದ್ದರೆ? ಹತ್ತು ಜನವೂ ಅದನ್ನೇ ಒಪ್ಪಿಸುತ್ತಿದ್ದರು. ಕೇಳಲು ಚೆನ್ನಾಗಿರುತ್ತಿತ್ತು. ಆದರೆ ಕಿವಿಗೆ ಏನೂ ಕೆಲಸವಿಲ್ಲ. ಮಾರನೆಯ ದಿನ ಸರಿಯೋ ತಪ್ಪೋ ಅಂತ ನನ್ನ ಮುಖ ನೋಡುತ್ತಿದ್ದರು. ಪ್ಯಾರಿಸ್ಸಿನ ಅಂಗಡಿಯಲ್ಲಿ ನೋಡಲು ನನ್ನ ಮುಖ ಎಲ್ಲಿರುತ್ತದೆ? ಸರಿ ತಪ್ಪು ತೂಗುವ ಶಕ್ತಿ ಅವರೊಳಗೇ ಬೆಳೆಯಬೇಕು. ನಾನು ಸುಮ್ಮನಿರುವುದು ಅದಕ್ಕೆ ಜಾಗ ಮಾಡಿಕೊಡಲು.

ಗಟೇನ್ಯೊ ಅವರ ಇನ್ನೊಂದು ವಿಚಾರ ನನಗೆ ತುಂಬಾ ಇಷ್ಟ. ಕಾರಣವೇ ಇಲ್ಲದ ಸಂಗತಿಯನ್ನು, ಅಂದರೆ ಒಂದು ಹೆಸರು, ಒಂದು ಪದವನ್ನು, ನೆನಪಿಡಲು ಮನಸ್ಸು ಒಂದಿಷ್ಟು ಶಕ್ತಿ ಖರ್ಚು ಮಾಡಲೇಬೇಕು. ಆ ಖರ್ಚಿಗೆ ಅವರು ‘ಆಗ್ಡನ್’ ಎಂಬ ಅಳತೆಯ ಹೆಸರನ್ನೇ ಇಟ್ಟರು. ಹಾಗಾಗಿ ಕಲಿಯುವವರ ಕೈಯಲ್ಲಿ ಸುಮ್ನೆ ಖರ್ಚು ಮಾಡಿಸಬಾರದು. ಮೊದಲ ವಾರಗಳಲ್ಲಿ ನಾನು ಕೊಡುವ ಪದಗಳು ತೀರಾ ಕಡಿಮೆ: ತಗೋ, ಕೊಡು, ನನಗೆ, ಅವರಿಗೆ, ಮತ್ತು, ಕೆಲವು ಬಣ್ಣ, ಕೆಲವು ಸಂಖ್ಯೆ. ಆದರೆ ಇಷ್ಟರಲ್ಲೇ ಅವರು ಕಟ್ಟುವ ವಾಕ್ಯಗಳಿಗೆ ಲೆಕ್ಕವಿಲ್ಲ. “ಎರಡು ಹಸಿರು ಕಡ್ಡಿ ತಗೊಂಡು ಅವರಿಗೆ ಕೊಡಿ, ನನಗೊಂದು ಕಪ್ಪು ಕಡ್ಡಿ ಕೊಡಿ” ಅಂತ ಒಬ್ಬರಿಗೊಬ್ಬರು ಹೇಳಿಕೊಂಡು, ಹೇಳಿದಂತೆ ಮಾಡುತ್ತಾರೆ.

ಓದಲು ಕಲಿಸುವುದು ಬಣ್ಣದ ಚಾರ್ಟಿನಿಂದ. ನಮಗೆ ಹೇಳಿದಂತೆ ಬರೆದು ಅಭ್ಯಾಸ. ಫ್ರೆಂಚ್ ಸ್ಪೆಲಿಂಗ್ ನೋಡಿದರೆ ಗಾಬರಿಯಾಗುತ್ತದೆ. ‘ಓ’ ಎಂಬ ಒಂದೇ ಸ್ವರವನ್ನು ಒಂದಕ್ಷರದಲ್ಲೂ ಬರೆಯುತ್ತಾರೆ, ಎರಡು, ಮೂರು ಅಕ್ಷರ ಸೇರಿಸಿಯೂ ಬರೆಯುತ್ತಾರೆ. ಚಾರ್ಟಿನಲ್ಲಿ ಅವೆಲ್ಲಕ್ಕೂ ಒಂದೇ ಬಣ್ಣ. ಬಣ್ಣ ನೋಡಿ ಓದುತ್ತಾ ಹೋದರೆ ಗಾಬರಿ ಕಡಿಮೆಯಾಗುತ್ತದೆ. ಈ ಚಾರ್ಟಿಗೆ ‘ಫಿದೆಲ್’ ಅಂತ ಹೆಸರು. ಗಟೇನ್ಯೊ 1957ರಲ್ಲಿ ಯುನೆಸ್ಕೊ ಕೆಲಸಕ್ಕೆಂದು ಇಥಿಯೋಪಿಯಾಕ್ಕೆ ಹೋಗಿದ್ದರು. ಅಲ್ಲಿನ ಅಮ್ಹಾರಿಕ್ ಅಕ್ಷರಮಾಲೆಯ ಹೆಸರೇ ಫಿದೆಲ್. ಅದು ನಮ್ಮ ಕಾಗುಣಿತದ ಹಾಗೆಯೇ: ಅಡ್ಡಸಾಲಿಗೊಂದು ವ್ಯಂಜನ, ಸ್ವರ ಬದಲಾದಂತೆ ಅಕ್ಷರದ ರೂಪ ಬದಲು, ಒಟ್ಟು ಏಳು ರೂಪ. ಕಾಗುಣಿತ ಬಾಯಿಪಾಠ ಮಾಡಿ ಬೆಳೆದವರಿಗೆ ಫಿದೆಲ್ ಚಾರ್ಟ್ ಬೇಗ ಕೈಗೆ ಹತ್ತುತ್ತದೆ. ಇದನ್ನು ನಾನು ಮತ್ತೆ ಮತ್ತೆ ನೋಡಿದ್ದೇನೆ.

“ಒಂದು ಸಲ ಚೆನ್ನಾಗಿ ಹೇಳಿದ್ರಿ ಅಂತಲಾದ್ರೂ ಅನ್ನಬಾರದಾ?” ಎಂದೂ ಕೇಳುತ್ತಾರೆ. ಶಭಾಷ್ ಅಂದ ಕೂಡಲೇ ಗಮನ ಭಾಷೆಯಿಂದ ನನ್ನ ಕಡೆ ತಿರುಗುತ್ತದೆ. ಅದಕ್ಕೆ ಬದಲು ಪಾಠದ ಕೊನೆಗೆ ಎಲ್ಲರೂ ಕನ್ನಡದಲ್ಲೇ ಮಾತಾಡುತ್ತೇವೆ. ಎಲ್ಲಿ ತೊಡಕಾಯಿತು, ಯಾವಾಗ ಗೊತ್ತಾಯಿತು, ಯಾರಿಗೆ ಸಿಟ್ಟು ಬಂತು, ಎಲ್ಲ ಹೇಳುತ್ತಾರೆ. ಮುಂದಿನ ಪಾಠ ಎಲ್ಲಿಂದ ಶುರು ಮಾಡಬೇಕು ಅನ್ನುವುದು ನನಗೆ ತಿಳಿಯುವುದು ಆಗಲೇ.

ಇದೊಂದರಿಂದಲೇ ಪೂರ್ತಿ ಫ್ರೆಂಚ್ ಬರುತ್ತದೆ ಅಂತ ನಾನು ಹೇಳುವುದಿಲ್ಲ. ಅರವತ್ತು ಜನರ ಕ್ಲಾಸಿನಲ್ಲಿ ಇದು ನಡೆಯುವುದಿಲ್ಲ, ಒಬ್ಬೊಬ್ಬರ ಬಾಯಿ ನೋಡಲು ಆಗಬೇಕು. ಫ್ರೆಂಚ್ ಎಷ್ಟು ಬರುತ್ತದೆ ಅಂತ ಸರ್ಟಿಫಿಕೇಟ್ ಕೊಡುವ ಡೆಲ್ಫ್ ಪರೀಕ್ಷೆ ಬರೆಯುವವರಿಗೆ ಪದಗಳು ಜಾಸ್ತಿ ಬೇಕು, ಬೇರೆ ಬೇರೆಯವರ ಮಾತು ಕೇಳಿ ರೂಢಿಯಾಗಬೇಕು. ಹಾಗಾಗಿ ಬುನಾದಿ ಗಟ್ಟಿಯಾದ ಮೇಲೆ ಪುಸ್ತಕ, ರೆಕಾರ್ಡಿಂಗ್ ಎಲ್ಲ ಬರುತ್ತವೆ, ನಾನೂ ಬೇಕಾದಷ್ಟು ಮಾತಾಡುತ್ತೇನೆ. ಅನುಮಾನ ಇರುವವರು ಸೇರುವ ಮೊದಲು ಒಂದು ಪಾಠಕ್ಕೆ ಬನ್ನಿ. ಹಿಂದೆ ಕೂತು ನೋಡಿದರೆ ಬರೀ ಬೇಜಾರು. ಮೇಜಿನ ಹತ್ತಿರ ಕೂತು ಕಡ್ಡಿ ಕೈಗೆ ತಗೊಳ್ಳಿ. ನೋಟ್‌ಬುಕ್ ತರುವುದು ಬೇಡ.